ಎಲ್ಲರೂ ಉಷಾ ಆಗಬಹುದೇ?



ನಮ್ಮ ಹಿರಿಯರು ಎರಡು ಗಾದೆಗಳನ್ನು ಬಿಟ್ಟು ಹೋಗಿದ್ದಾರೆ. ಒಂದು, ‘ಸಾಧಿಸಿದರೆ ಸಬಳವನ್ನೂ ನುಂಗಬಹುದು’. ಸಬಳವೆಂದರೆ ಈಟಿ. ಹಟ ಹಿಡಿದು ಅಭ್ಯಾಸ ಮಾಡಿದವನಿಗೆ ಈಟಿ ನುಂಗುವುದೂ ಅಸಾಧ್ಯವಲ್ಲ ಎಂದು ಅದರ ಅರ್ಥ. ಇನ್ನೊಂದು, ‘ಹುಟ್ಟುಗುಣ ಸುಟ್ಟರೂ ಹೋಗದು’. ಹುಟ್ಟಿನಿಂದ ಬಂದದ್ದನ್ನು ಏನು ಮಾಡಿದರೂ ಬದಲಿಸಲಾಗದು ಎಂದು ಇದರ ಅರ್ಥ. ಎರಡನ್ನೂ ನಾವು ಬಿಟ್ಟುಕೊಟ್ಟಿಲ್ಲ. ಪಕ್ಕದ ಮನೆಯ ಹುಡುಗ ಓಟದಲ್ಲಿ ಗೆದ್ದು ಬಂದರೆ ಮೊದಲನೆಯದನ್ನು ಹೇಳುತ್ತೇವೆ, ನಮ್ಮ ಮನೆಯ ಹುಡುಗ ಸೋತು ಬಂದರೆ ಎರಡನೆಯದನ್ನು ಹೇಳಿ ಸಮಾಧಾನ ಮಾಡಿಕೊಳ್ಳುತ್ತೇವೆ!

ಇವುಗಳಲ್ಲಿ ಯಾವುದು ನಿಜ? ಮನಸ್ಸಿಟ್ಟು ತರಬೇತಿ ಪಡೆದರೆ ಯಾರು ಬೇಕಾದರೂ ಒಲಿಂಪಿಕ್ಸ್ ಮಟ್ಟದ ಕ್ರೀಡಾಪಟು ಆಗಬಹುದೇ? ಈ ಹೊತ್ತು ನಿಮ್ಮೊಡನೆ ಮಾತಾಡಲಿರುವುದು ಇದೇ ವಿಷಯ.

ಇದು ಕಟ್ಟೆಯ ಮೇಲೆ ಕೂತವರ ಹರಟೆಯ ವಿಷಯವಲ್ಲ. ನಾನು ಮೆಟ್ರಿಕ್ ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕೂತು ನಿವೃತ್ತನಾದವನು. ಮಗನ ಕ್ರಿಕೆಟ್ ತರಬೇತಿಗೆಂದು ಅವಧಿಗೆ ಮೊದಲೇ ಠೇವಣಿ ಮುರಿಸಿದವರನ್ನು, ಮಗಳ ಈಜಿನ ಖರ್ಚಿಗೆಂದು ಬಳೆ ಅಡವಿಟ್ಟವರನ್ನು ಕಣ್ಣಾರೆ ಕಂಡಿದ್ದೇನೆ. ‘ನಮ್ಮಲ್ಲಿಗೆ ಕಳುಹಿಸಿ, ಯಾವ ಮಗುವನ್ನಾದರೂ ಚಾಂಪಿಯನ್ ಮಾಡುತ್ತೇವೆ’ ಎಂದು ಹೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಆ ಮಾತಿನ ಹಿಂದೆ ಹಣ ಇದೆ, ಮಗುವಿನ ಓದು ಇದೆ, ಹತ್ತು ವರ್ಷದ ಬೆಳಗಿನ ನಿದ್ದೆ ಇದೆ. ಆದ್ದರಿಂದ ಲೆಕ್ಕ ಸರಿಯಾಗಿ ನೋಡುವುದು ಒಳ್ಳೆಯದು.

ಮೊದಲು ನಮಗೆಲ್ಲ ಗೊತ್ತಿರುವ ಒಂದು ಉದಾಹರಣೆ. 1976ರಲ್ಲಿ ಕೇರಳ ಸರಕಾರ ಕಣ್ಣೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಕ್ರೀಡಾ ವಿಭಾಗವನ್ನು ತೆರೆಯಿತು. ಆಗ ನಮ್ಮ ಕಾಸರಗೋಡು ಬೇರೆ ಜಿಲ್ಲೆಯಾಗಿರಲಿಲ್ಲ, ಕಣ್ಣೂರು ಜಿಲ್ಲೆಗೇ ಸೇರಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಹಾಗಾಗಿ ಆ ಶಾಲೆ ನಮ್ಮ ಜಿಲ್ಲೆಯದೇ ಆಗಿತ್ತೆನ್ನಬಹುದು. ಅಲ್ಲಿಗೆ 40 ಹುಡುಗಿಯರು ಆಯ್ಕೆಯಾದರು. ಅವರಲ್ಲಿ ಪಯ್ಯೋಳಿಯ ಹನ್ನೆರಡು ವರ್ಷದ ಸಪೂರ ಹುಡುಗಿಯೊಬ್ಬಳಿದ್ದಳು. ಅವಳೇ ಪಿ.ಟಿ. ಉಷಾ. ತರಬೇತುದಾರರು ಒ.ಎಂ. ನಂಬಿಯಾರ್.

ಮುಂದಿನದು ನಿಮಗೆ ತಿಳಿದದ್ದೇ. 1980ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಮಾಸ್ಕೋ ಒಲಿಂಪಿಕ್ಸ್. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನ ಅಂತಿಮ ಸುತ್ತು. ಮೂರನೆಯವಳಾದ ರೊಮೇನಿಯಾದ ಓಟಗಾರ್ತಿ 55.41 ಸೆಕೆಂಡುಗಳಲ್ಲಿ ಗುರಿ ಮುಟ್ಟಿದಳು, ಉಷಾ 55.42ರಲ್ಲಿ. ಒಂದು ಸೆಕೆಂಡಿನ ನೂರನೇ ಒಂದು ಪಾಲು, ಅಂದರೆ ರೂಪಾಯಿಯಲ್ಲಿ ಒಂದು ಪೈಸೆ. ಆ ವೇಗದಲ್ಲಿ ಅಷ್ಟು ಸಮಯಕ್ಕೆ ದಾಟುವ ದೂರ ಸುಮಾರು 7 ಸೆಂಟಿಮೀಟರ್, ನಾಲ್ಕು ಬೆರಳಿನ ಅಗಲ. ಅಷ್ಟರಲ್ಲಿ ಕಂಚಿನ ಪದಕ ತಪ್ಪಿತು. ಮರುವರ್ಷ ಜಕಾರ್ತದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಐದು ಚಿನ್ನ, ಒಂದು ಕಂಚು. 1986ರಲ್ಲಿ ಸಿಯೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ.

ಈಗ ಪ್ರಶ್ನೆ ಕೇಳೋಣ. ಆ ಶಾಲೆಗೆ ಸೇರಿದವರು ನಲವತ್ತು ಮಂದಿ. ಅದೇ ಮೈದಾನ, ಅದೇ ಬೆಳಗಿನ ಗಂಟೆ. ಆದರೆ ಒಲಿಂಪಿಕ್ಸ್‌ನ ಒಂಟಿ ಓಟದ ಅಂತಿಮ ಸುತ್ತಿನವರೆಗೆ ಹೋದವಳು ಒಬ್ಬಳೇ. ಉಳಿದವರು ಬೆವರು ಸುರಿಸಲಿಲ್ಲವೇ? ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. ಇನ್ನೊಂದು ಕಡೆಯಿಂದಲೂ ನೋಡಿ. 1976ರಲ್ಲಿ ಆ ಶಾಲೆ ತೆರೆಯದೇ ಹೋಗಿದ್ದರೆ, ನಂಬಿಯಾರರ ಕಣ್ಣಿಗೆ ಆ ಹುಡುಗಿ ಬೀಳದೇ ಹೋಗಿದ್ದರೆ, ಉಷಾ ಎಂಬ ಹೆಸರು ಪಯ್ಯೋಳಿಯ ಹೊರಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಂದ ಮೇಲೆ ಹುಟ್ಟಿನ ಪಾಲೂ ಇದೆ, ತರಬೇತಿಯ ಪಾಲೂ ಇದೆ. ಯಾವುದು ಎಷ್ಟು? ಇದನ್ನು ವಿಜ್ಞಾನಿಗಳು ಅಳೆಯಲು ಹೊರಟರು.

‘ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾವ ವಿದ್ಯೆಯಲ್ಲಾದರೂ ಶಿಖರ ಮುಟ್ಟಬಹುದು’ ಎಂಬ ಮಾತನ್ನು ನೀವು ಕೇಳಿರಬಹುದು. ಅದರ ಮೂಲ 1993ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಆಂಡರ್ಸ್ ಎರಿಕ್‌ಸನ್ ಎಂಬ ಮನಃಶಾಸ್ತ್ರಜ್ಞರು ಬರ್ಲಿನ್‌ನ ಸಂಗೀತ ವಿದ್ಯಾಲಯದಲ್ಲಿ ಪಿಟೀಲು ಕಲಿಯುತ್ತಿದ್ದವರನ್ನು ವಿಚಾರಿಸಿದರು. ಎಲ್ಲರಿಗಿಂತ ಚೆನ್ನಾಗಿ ನುಡಿಸುವವರು ಇಪ್ಪತ್ತು ವರ್ಷ ತುಂಬುವಾಗ ಸರಾಸರಿ ಹತ್ತು ಸಾವಿರ ಗಂಟೆಗಳಷ್ಟು ಏಕಾಂತ ಅಭ್ಯಾಸ ಮಾಡಿದ್ದರು. 2008ರಲ್ಲಿ ಮಾಲ್ಕಂ ಗ್ಲ್ಯಾಡ್‌ವೆಲ್ ಎಂಬ ಲೇಖಕರು ತಮ್ಮ ಪುಸ್ತಕದಲ್ಲಿ ಇದನ್ನು ಒಂದು ನಿಯಮದಂತೆ ಬರೆದರು. ಜಗತ್ತೆಲ್ಲ ಅದನ್ನೇ ಹಿಡಿದುಕೊಂಡಿತು. ದಿನಕ್ಕೆ ಮೂರು ಗಂಟೆಯಂತೆ ಒಂದು ದಿನವೂ ಬಿಡದೆ ಅಭ್ಯಾಸ ಮಾಡಿದರೆ ಹತ್ತು ಸಾವಿರ ಗಂಟೆಗೆ ಒಂಬತ್ತು ವರ್ಷ ಬೇಕು. ಆರನೇ ವಯಸ್ಸಿಗೆ ಶುರು ಮಾಡಿದರೆ ಹದಿನೈದಕ್ಕೆ ಚಾಂಪಿಯನ್! ಲೆಕ್ಕ ಎಷ್ಟು ಸುಲಭ!

ಆದರೆ ಸರಾಸರಿ ಎಂಬುದು ಮೋಸದ ಮಾತು. ನಮ್ಮ ಶಾಖೆಯ ಖಾತೆಗಳ ಸರಾಸರಿ ಬಾಕಿ ಹತ್ತು ಸಾವಿರ ರೂಪಾಯಿ ಎಂದರೆ ಪ್ರತಿಯೊಬ್ಬನ ಪಾಸ್‌ಬುಕ್ಕಿನಲ್ಲೂ ಹತ್ತು ಸಾವಿರ ಇದೆ ಎಂದರ್ಥವಲ್ಲ. ಆ ಪಿಟೀಲು ವಿದ್ಯಾರ್ಥಿಗಳಲ್ಲೂ ಅನೇಕರು ಹತ್ತು ಸಾವಿರ ಮುಟ್ಟಿರಲಿಲ್ಲ. ಸ್ವತಃ ಎರಿಕ್‌ಸನ್ ಅವರೇ ಮುಂದೆ ‘ನಾನು ಅಂಥ ನಿಯಮ ಹೇಳಿಲ್ಲ’ ಎಂದು ತಿದ್ದಬೇಕಾಯಿತು. ಇನ್ನೊಂದು ಮಾತು. ಅಲ್ಲಿದ್ದವರೆಲ್ಲ ವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಆರಿಸಿ ಬಂದವರು. ಜರಡಿ ಹಿಡಿದ ಮೇಲೆ ಉಳಿದ ಅಕ್ಕಿಯನ್ನು ನೋಡಿ ‘ಭತ್ತದಲ್ಲಿ ಜೊಳ್ಳೇ ಇರುವುದಿಲ್ಲ’ ಎಂದು ಹೇಳಬಹುದೇ?

ಆ ಮಾತನ್ನು ನಂಬಿ ಸ್ವಂತ ಮೈಮೇಲೆ ಪರೀಕ್ಷೆ ಮಾಡಿಕೊಂಡವರೂ ಇದ್ದಾರೆ. ಅಮೆರಿಕದ ಡ್ಯಾನ್ ಮೆಕ್‌ಲಾಫ್ಲಿನ್ ಎಂಬ ಛಾಯಾಗ್ರಾಹಕ 2010ರಲ್ಲಿ, ಮೂವತ್ತನೇ ವಯಸ್ಸಿನಲ್ಲಿ, ನೌಕರಿ ಬಿಟ್ಟು ಗಾಲ್ಫ್ ಕಲಿಯಲು ಕೂತರು. ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿ ವೃತ್ತಿ ಆಟಗಾರನಾಗುವುದು ಅವರ ಗುರಿ. ಆರು ಸಾವಿರ ಗಂಟೆಯ ಆಸುಪಾಸಿನಲ್ಲಿ ಬೆನ್ನು ಕೈಕೊಟ್ಟಿತು, ಅಲ್ಲಿಗೆ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಹವ್ಯಾಸಿ ಆಟಗಾರರಲ್ಲಿ ಬಹುಪಾಲು ಮಂದಿಯನ್ನು ಮೀರಿಸಿದ್ದರು. ಆದರೆ ವೃತ್ತಿ ಆಟಗಾರರ ಮಟ್ಟ ದೂರವೇ ಉಳಿದಿತ್ತು. ಇದರಲ್ಲಿ ಎರಡು ಪಾಠಗಳಿವೆ. ಅಭ್ಯಾಸ ಮನುಷ್ಯನನ್ನು ಅವನೇ ಎಣಿಸದಷ್ಟು ಎತ್ತರಕ್ಕೆ ಒಯ್ಯುತ್ತದೆ. ಆದರೆ ಎಲ್ಲಿಯವರೆಗೆ ಎಂಬುದನ್ನು ಅಭ್ಯಾಸವೊಂದೇ ತೀರ್ಮಾನಿಸುವುದಿಲ್ಲ. ಪೆಟ್ಟು ತಾಳುವ ಶಕ್ತಿಯೂ ದೇಹದ ಗುಣವೇ.

ಎತ್ತರ ಜಿಗಿತದಲ್ಲಿ ಇನ್ನೂ ಸ್ವಾರಸ್ಯದ ಒಂದು ಸಂಗತಿ ಇದೆ. ಸ್ವೀಡನ್ನಿನ ಸ್ಟೆಫಾನ್ ಹೋಲ್ಮ್ ಬಾಲ್ಯದಿಂದ ಜಿಗಿತವನ್ನೇ ಉಸಿರಾಡಿದವರು. ಎತ್ತರ 1.81 ಮೀಟರ್ ಮಾತ್ರ, ಆ ಸ್ಪರ್ಧೆಗೆ ಗಿಡ್ಡವೇ. ಆದರೂ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 2005ರಲ್ಲಿ ಒಳಾಂಗಣ ಸ್ಪರ್ಧೆಯಲ್ಲಿ 2.40 ಮೀಟರ್ ದಾಟಿದರು, ಅಂದರೆ ತಮ್ಮ ತಲೆಯ ಮೇಲೆ ಇನ್ನೂ 59 ಸೆಂಟಿಮೀಟರ್! ‘ಸಾಧಿಸಿದರೆ ಸಬಳ’ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನೊಂದು ಕಡೆ ಬಹಾಮಾಸ್ ದ್ವೀಪದ ಡೊನಾಲ್ಡ್ ಥಾಮಸ್. ಅಮೆರಿಕದ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿಕೊಂಡಿದ್ದವರು. 2006ರಲ್ಲಿ ಗೆಳೆಯರ ಪಂಥಕ್ಕೆ ಒಪ್ಪಿ ಮೊದಲ ಸಲ ಎತ್ತರ ಜಿಗಿತದ ಕೋಲಿನ ಮುಂದೆ ನಿಂತರು. ಮರುವರ್ಷ, 2007ರಲ್ಲಿ, ಒಸಾಕಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2.35 ಮೀಟರ್ ಜಿಗಿದು ಚಿನ್ನ ಪಡೆದರು. ಅದೇ ಸ್ಪರ್ಧೆಯಲ್ಲಿ ಹೋಲ್ಮ್ ನಾಲ್ಕನೆಯವರು. ಇಪ್ಪತ್ತು ವರ್ಷದ ತಪಸ್ಸು ಒಂದು ಕಡೆ, ಒಂದೂವರೆ ವರ್ಷದ ಅಭ್ಯಾಸ ಇನ್ನೊಂದು ಕಡೆ. ಒಬ್ಬರು ತಿಂಗಳು ತಿಂಗಳು ಕಟ್ಟಿ ದೊಡ್ಡ ಮೊತ್ತ ಕೂಡಿಸಿದವರು, ಮತ್ತೊಬ್ಬರು ಪಿತ್ರಾರ್ಜಿತ ಆಸ್ತಿಯೊಂದಿಗೇ ಹುಟ್ಟಿದವರು. ಇಬ್ಬರ ಹೆಸರೂ ಚಾಂಪಿಯನ್ನರ ಪಟ್ಟಿಯಲ್ಲಿದೆ.

ಇಲ್ಲಿಯವರೆಗೆ ಹೇಳಿದ್ದು ಒಬ್ಬೊಬ್ಬರ ಕಥೆ. ನೂರಾರು ಮಂದಿಯನ್ನು ಒಟ್ಟಿಗೆ ಪರೀಕ್ಷಿಸಿದರೆ? ಅದನ್ನೂ ಮಾಡಿದ್ದಾರೆ. ಕ್ಲೋಡ್ ಬುಶಾರ್ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ 1990ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ‘ಹೆರಿಟೇಜ್’ ಎಂಬ ಅಧ್ಯಯನ ನಡೆಯಿತು. ತಂದೆ, ತಾಯಿ, ಮಕ್ಕಳು, ಹೀಗೆ ಇಡೀ ಕುಟುಂಬಗಳನ್ನೇ ಕರೆತಂದು, ವಾರಕ್ಕೆ ಮೂರು ದಿನದಂತೆ ಇಪ್ಪತ್ತು ವಾರ ವ್ಯಾಯಾಮದ ಸೈಕಲ್ ತುಳಿಸಿದರು. ಎಲ್ಲರಿಗೂ ಒಂದೇ ಕ್ರಮ. ಕೊನೆಗೆ, ಮೈ ದಣಿಯುವಾಗ ದೇಹವು ಒಂದು ನಿಮಿಷಕ್ಕೆ ಎಷ್ಟು ಆಮ್ಲಜನಕವನ್ನು ಬಳಸಬಲ್ಲದು ಎಂದು ಅಳೆದರು. ದೂರದ ಓಟ, ಸೈಕಲ್, ಈಜು ಮುಂತಾದವುಗಳಿಗೆ ಇದೇ ಮೂಲ ಶಕ್ತಿ. ಸರಾಸರಿ ಹೆಚ್ಚಳ ಸುಮಾರು 400 ಮಿಲಿಲೀಟರ್. ಆದರೆ ಕೆಲವರಲ್ಲಿ ಹೆಚ್ಚಳವೇ ಇಲ್ಲವೆನ್ನುವಷ್ಟು ಕಡಿಮೆ. ಇನ್ನು ಕೆಲವರಲ್ಲಿ ಒಂದು ಲೀಟರಿಗೂ ಮಿಗಿಲು! ಈ ವ್ಯತ್ಯಾಸದ ಹತ್ತಿರ ಹತ್ತಿರ ಅರ್ಧ ಪಾಲು ವಂಶದಿಂದ ಬಂದಿರಬಹುದೆಂದು 1999ರಲ್ಲಿ ಲೆಕ್ಕ ಹಾಕಿದರು.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಇಬ್ಬರು ಒಂದೇ ದಿನ ರೆಕರಿಂಗ್ ಡಿಪಾಸಿಟ್ ಖಾತೆ ತೆರೆದರು. ಇಬ್ಬರೂ ತಿಂಗಳಿಗೆ ನೂರು ರೂಪಾಯಿ ತಪ್ಪದೆ ಕಟ್ಟಿದರು. ಆದರೆ ಒಬ್ಬನಿಗೆ ಶೇಕಡಾ ಎರಡರ ಬಡ್ಡಿ, ಇನ್ನೊಬ್ಬನಿಗೆ ಶೇಕಡಾ ಹನ್ನೆರಡರ ಬಡ್ಡಿ. ಬ್ಯಾಂಕಿನಲ್ಲಿ ಹೀಗೆ ಮಾಡಿದರೆ ಜನ ಜಗಳಕ್ಕೆ ಬರುತ್ತಾರೆ, ನ್ಯಾಯವೇ. ಆದರೆ ದೇಹದ ಬ್ಯಾಂಕಿನಲ್ಲಿ ನಡೆಯುವುದೇ ಹೀಗೆ. ಹುಟ್ಟಿನಿಂದ ಬರುವುದು ಅಸಲು ಮಾತ್ರವಲ್ಲ, ಬಡ್ಡಿಯ ದರವೂ ಹುಟ್ಟಿನಿಂದಲೇ ಬರುತ್ತದೆ. ಈ ಒಂದು ಮಾತು ಅರ್ಥವಾದರೆ ಇಂದಿನ ವಿಷಯದ ಮುಕ್ಕಾಲು ಪಾಲು ಅರ್ಥವಾದಂತೆ. ಕಟ್ಟಿದ ಕಂತು ಒಂದೇ ಆದರೂ ಬಂದ ಮೊತ್ತ ಬೇರೆಯಾದರೆ, ಕಡಿಮೆ ಬಂದವನು ಕಂತು ತಪ್ಪಿಸಿದನೆಂದು ಹೇಳಲಾಗದು.

ಅಸಲಿನಲ್ಲೇ ಕೋಟ್ಯಧೀಶರಾದವರೂ ಇದ್ದಾರೆ. ಫಿನ್ಲೆಂಡಿನ ಈರೊ ಮ್ಯಾಂಟಿರಾಂಟಾ ಎಂಬುವರು ಹಿಮದ ಮೇಲೆ ಜಾರುವ ದೂರದ ಓಟದಲ್ಲಿ 1960ರಿಂದ 1968ರ ವರೆಗೆ ಮೂರು ಚಿನ್ನವೂ ಸೇರಿ ಏಳು ಒಲಿಂಪಿಕ್ಸ್ ಪದಕ ಗೆದ್ದರು. ಅವರ ರಕ್ತದಲ್ಲಿ ಕೆಂಪು ಕಣಗಳು ವಿಪರೀತ ಹೆಚ್ಚಾಗಿದ್ದವು. ಏನೋ ಮದ್ದು ತೆಗೆದುಕೊಂಡಿದ್ದಾರೆಂದು ಜನ ಶಂಕಿಸಿದರು. 1993ರಲ್ಲಿ ವಿಜ್ಞಾನಿಗಳು ಆ ಕುಟುಂಬವನ್ನು ಪರೀಕ್ಷಿಸಿದಾಗ ತಿಳಿದದ್ದು, ಆ ರಕ್ತದ ಗುಣ ಒಂದು ವಂಶವಾಹಿಯ ಬದಲಾವಣೆಯಿಂದ ಬಂದದ್ದು ಎಂದು. ಆದರೆ ಅದೇ ವಂಶವಾಹಿ ಇದ್ದ ಬಂಧುಗಳೆಲ್ಲ ಚಾಂಪಿಯನ್ನರಾಗಲಿಲ್ಲ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬುದು ಇಲ್ಲಿಗೂ ಸಲ್ಲುವ ಮಾತು.

ಹಾಗಾದರೆ ಕ್ರೀಡೆಯಲ್ಲಿ ಅಭ್ಯಾಸದ ಪಾಲೆಷ್ಟು? 2014ರಲ್ಲಿ ಬ್ರೂಕ್ ಮ್ಯಾಕ್‌ನಮಾರಾ ಮತ್ತು ಅವರ ಸಂಗಡಿಗರು ಅದುವರೆಗಿನ ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದರು. ಆಟಗಾರರ ನಡುವಿನ ವ್ಯತ್ಯಾಸವನ್ನು ನೂರು ಪೈಸೆ ಎಂದು ಹಿಡಿದರೆ, ಅದರಲ್ಲಿ ಅಭ್ಯಾಸದ ಗಂಟೆಗಳಿಂದ ವಿವರಿಸಬಹುದಾದದ್ದು 18 ಪೈಸೆ. 2016ರಲ್ಲಿ ಉನ್ನತ ಮಟ್ಟದ ಆಟಗಾರರನ್ನಷ್ಟೇ ತೆಗೆದುಕೊಂಡು ನೋಡಿದಾಗ ಅದು ಒಂದು ಪೈಸೆಗೆ ಇಳಿಯಿತು. ಇದನ್ನು ತಪ್ಪಾಗಿ ತಿಳಿಯಬಾರದು. ಅಭ್ಯಾಸ ಬೇಡ ಎಂದು ಇದರ ಅರ್ಥವಲ್ಲ. ಆ ಮಟ್ಟಕ್ಕೆ ಬಂದವರೆಲ್ಲ ಬೆಟ್ಟದಷ್ಟು ಅಭ್ಯಾಸ ಮಾಡಿಯೇ ಬಂದಿರುತ್ತಾರೆ. ಅಭ್ಯಾಸ ಅಲ್ಲಿ ಪ್ರವೇಶದ ಚೀಟಿ. ಚೀಟಿ ಎಲ್ಲರ ಕೈಯಲ್ಲೂ ಇರುವಾಗ ಯಾರು ಮುಂದೆ ಎಂಬುದನ್ನು ಬೇರೆ ಸಂಗತಿಗಳು ತೀರ್ಮಾನಿಸುತ್ತವೆ.

‘ಹಾಗಿದ್ದರೆ ನಮ್ಮ ಕಡೆಯ ಕಂಬಳದ ಓಟಗಾರ?’ ಎಂದು ನೀವು ಕೇಳಬಹುದು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದರು. ನೂರು ಮೀಟರಿಗೆ ಇಳಿಸಿದರೆ 9.56 ಸೆಕೆಂಡು! ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ದೇಶವೆಲ್ಲ ಬೆರಗಾಯಿತು, ಕ್ರೀಡಾ ಸಚಿವರೇ ಗೌಡರನ್ನು ಪರೀಕ್ಷಾ ಓಟಕ್ಕೆ ಕರೆದರು. ಆದರೆ ಈ ಭಾಗಾಕಾರ ಸರಿಯಲ್ಲ. ಬೋಲ್ಟ್ ನಿಂತಲ್ಲಿಂದ ಒಂಟಿಯಾಗಿ ಹೊರಟು ವೇಗ ಕೂಡಿಸಿಕೊಳ್ಳಬೇಕು. ಆ ಮೊದಲ ಕೆಲವು ಮೀಟರುಗಳೇ ಬಹಳ ಸಮಯ ತಿನ್ನುತ್ತವೆ. ಓಟ ಉದ್ದವಾದಷ್ಟೂ ಆ ನಷ್ಟ ಹಂಚಿ ಹೋಗುತ್ತದೆ. ಕಂಬಳದಲ್ಲಿ ಕೈಯಲ್ಲಿ ಹಗ್ಗ, ಮುಂದೆ ಎಳೆದೊಯ್ಯುವ ಎರಡು ಕೋಣಗಳು, ಕಾಲ ಕೆಳಗೆ ಕೆಸರು ನೀರು. ಗೌಡರು ತಾವೇ ವಿವೇಕದಿಂದ, ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿನ ಕೆಲಸ, ಎರಡೂ ಬೇರೆ ಎಂದು ಹೇಳಿ ಆ ಆಹ್ವಾನವನ್ನು ಒಪ್ಪಲಿಲ್ಲ. ಕೋಣ, ಕೆಸರು, ಹಗ್ಗ ಇವುಗಳೊಂದಿಗೆ ವರ್ಷಗಟ್ಟಲೆ ಪಳಗಿದ ದೇಹ ಅದು. ಆ ವಿದ್ಯೆಯಲ್ಲಿ ಅವರು ದೊಡ್ಡವರೇ. ಒಂದು ವಿದ್ಯೆಯ ಶಿಖರ ಇನ್ನೊಂದು ವಿದ್ಯೆಯ ಬಾಗಿಲಲ್ಲ ಎಂಬುದನ್ನು ಅವರು ನಮಗಿಂತ ಮೊದಲೇ ಅರಿತಿದ್ದರು.

ಇಷ್ಟೆಲ್ಲ ಕೇಳಿ ‘ಹಾಗಾದರೆ ಎಲ್ಲವೂ ಹಣೆಬರಹ, ಮಕ್ಕಳನ್ನು ಮೈದಾನಕ್ಕೆ ಕಳುಹಿಸುವುದೇ ವ್ಯರ್ಥ’ ಎಂದು ನೀವು ತಿಳಿದರೆ ನಾನು ಹೇಳಿದ್ದೂ ವ್ಯರ್ಥ. ಮಕ್ಕಳಿರುವ ಮನೆಯವರು ನೆನಪಿಡಬೇಕಾದ ನಾಲ್ಕು ಮಾತುಗಳನ್ನು ಹೇಳುತ್ತೇನೆ.

ಮೊದಲನೆಯದು, ಯಾರ ದೇಹವೂ ಕಲ್ಲಲ್ಲ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಆರು ವಾರ ವ್ಯಾಯಾಮ ಮಾಡಿದರೂ ಏನೂ ಪ್ರಯೋಜನ ಕಾಣದವರಿಗೆ ವಾರಕ್ಕೆ ಎರಡು ಸರದಿ ಹೆಚ್ಚಿಗೆ ಕೊಟ್ಟು ಇನ್ನೂ ಆರು ವಾರ ಮಾಡಿಸಿದರು. ಆಗ ಎಲ್ಲರಲ್ಲೂ ಪ್ರಯೋಜನ ಕಂಡಿತು. ಬಡ್ಡಿ ಕಡಿಮೆ ಇದ್ದರೆ ಕಂತು ಹೆಚ್ಚಿಸಬೇಕು, ಅಷ್ಟೆ. ಒಲಿಂಪಿಕ್ಸ್ ಸಿಗದಿರಬಹುದು, ಗಟ್ಟಿಯಾದ ಹೃದಯ ಮತ್ತು ಒಳ್ಳೆಯ ನಿದ್ದೆ ಸಿಗುತ್ತದೆ.

ಎರಡನೆಯದು, ಯಾರ ಬಡ್ಡಿ ದರ ಎಷ್ಟೆಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ಎಂಜಲು ಪರೀಕ್ಷೆ ಮಾಡಿ ಮಗು ಯಾವ ಕ್ರೀಡೆಗೆ ತಕ್ಕದ್ದೆಂದು ಹೇಳುತ್ತೇವೆ ಎನ್ನುವ ಕಂಪೆನಿಗಳು ಹುಟ್ಟಿಕೊಂಡಿವೆ. ಪ್ರತಿಭೆಯನ್ನು ಆರಿಸಲು ಇಂಥ ಪರೀಕ್ಷೆಯಿಂದ ಉಪಯೋಗವಿಲ್ಲವೆಂದು 2015ರಲ್ಲೇ ಅಂತಾರಾಷ್ಟ್ರೀಯ ತಜ್ಞರ ತಂಡವೊಂದು ಸ್ಪಷ್ಟವಾಗಿ ಹೇಳಿದೆ. ಓಡಿಸಿ ನೋಡದೆ ಓಟಗಾರನನ್ನು ಗುರುತಿಸಲಾಗದು. ಎಲ್ಲ ಮಕ್ಕಳಿಗೂ ಮೈದಾನ ಬೇಕೆಂದು ಹೇಳುವುದು ಇದಕ್ಕೇ.

ಮೂರನೆಯದು, ಆರಿಸಲು ಅವಸರ ಮಾಡಬೇಡಿ. ಶಾಲೆಯ ಕ್ರೀಡಾಕೂಟದಲ್ಲಿ ಹದಿನಾಲ್ಕರೊಳಗಿನವರು ಎಂದು ಸಾಲು ನಿಲ್ಲಿಸುತ್ತಾರೆ. ಅದೇ ಸಾಲಿನಲ್ಲಿ ಹತ್ತು ಹನ್ನೊಂದು ತಿಂಗಳು ಮೊದಲೇ ಹುಟ್ಟಿದವನೂ ಇರುತ್ತಾನೆ. ಆ ವಯಸ್ಸಿನಲ್ಲಿ ಹತ್ತು ತಿಂಗಳೆಂದರೆ ದೊಡ್ಡ ವ್ಯತ್ಯಾಸ. ಕೆನಡಾದ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿರುವುದನ್ನು 1985ರಲ್ಲೇ ಗುರುತಿಸಿದ್ದಾರೆ. ದೊಡ್ಡವನನ್ನು ಪ್ರತಿಭಾವಂತನೆಂದು ತಿಳಿದು ಚಿಕ್ಕವನನ್ನು ಮನೆಗೆ ಕಳುಹಿಸಿದರೆ ಮುಂದಿನ ಉಷಾಳನ್ನೇ ಕಳುಹಿಸಿದಂತಾಗಬಹುದು. ಅಷ್ಟೇ ಅಲ್ಲ, ವಿಶ್ವಮಟ್ಟ ಮುಟ್ಟಿದವರು ಬಾಲ್ಯದಲ್ಲಿ ಹಲವು ಆಟಗಳನ್ನಾಡಿ, ತಮ್ಮ ಮುಖ್ಯ ಆಟವನ್ನು ರಾಷ್ಟ್ರಮಟ್ಟದವರಿಗಿಂತ ತಡವಾಗಿಯೇ ಹಿಡಿದಿದ್ದರೆಂದು ಈಚಿನ ದೊಡ್ಡ ಅಧ್ಯಯನವೊಂದು ತೋರಿಸಿದೆ. ಆರನೇ ವಯಸ್ಸಿಗೇ ಒಂದೇ ಆಟಕ್ಕೆ ಕಟ್ಟಿಹಾಕುವ ಅಗತ್ಯವಿಲ್ಲ. ಠೇವಣಿ ಮುರಿಸುವ ಅವಸರವಂತೂ ಖಂಡಿತ ಇಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ‘ಯಾರು ಬೇಕಾದರೂ ಆಗಬಹುದು’ ಎಂಬ ಮಾತು ಕೇಳಲು ಉತ್ಸಾಹದ ಮಾತು. ಆದರೆ ಅದರ ಬೆನ್ನಿಗೆ ಒಂದು ಮುಳ್ಳಿದೆ. ಯಾರು ಬೇಕಾದರೂ ಆಗಬಹುದಾದರೆ, ಆಗದವನು ಸೋಮಾರಿ ಎಂದಾಯಿತಲ್ಲ! ಬೆಳಿಗ್ಗೆ ಐದಕ್ಕೆ ಎದ್ದು ಹತ್ತು ವರ್ಷ ಓಡಿದ ಮಗು ಜಿಲ್ಲಾ ಮಟ್ಟದಲ್ಲಿ ನಿಂತುಹೋದಾಗ ‘ನೀನು ಮನಸ್ಸು ಮಾಡಲಿಲ್ಲ’ ಎಂದು ಹೇಳುವ ತಂದೆತಾಯಂದಿರಿದ್ದಾರೆ, ತರಬೇತುದಾರರಿದ್ದಾರೆ. ಅದು ಸುಳ್ಳು ಆರೋಪ. ಕಂತು ಕಟ್ಟುವುದು ಮಗುವಿನ ಕೈಯಲ್ಲಿದೆ, ಬಡ್ಡಿ ದರ ಅದರ ಕೈಯಲ್ಲಿಲ್ಲ. ಆ ದರವನ್ನು ಅದಕ್ಕೆ ಕೊಟ್ಟವರು ನಾವೇ, ಹೆತ್ತವರು!

ಉಷಾ ಅವರು 2002ರಲ್ಲಿ ಕೊಯಿಲಾಂಡಿಯಲ್ಲಿ ತಮ್ಮದೇ ತರಬೇತಿ ಶಾಲೆ ತೆರೆದರು. ಆಯ್ಕೆ ಪರೀಕ್ಷೆ ಇಟ್ಟು ಹುಡುಗಿಯರನ್ನು ಆರಿಸಿದರು. ಹಾಗೆ ಬಂದ ಕಣ್ಣೂರು ಜಿಲ್ಲೆಯ ಟಿಂಟು ಲೂಕಾ 2010ರಲ್ಲಿ 800 ಮೀಟರ್ ಓಟವನ್ನು 1 ನಿಮಿಷ 59.17 ಸೆಕೆಂಡುಗಳಲ್ಲಿ ಮುಗಿಸಿ ರಾಷ್ಟ್ರೀಯ ದಾಖಲೆ ಮಾಡಿದರು, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ತಲುಪಿದರು. ಓಟವೆಂದರೆ ಏನೆಂದು ಬಲ್ಲ ಉಷಾ ಅವರೇ ಸಿಕ್ಕಿದವರನ್ನೆಲ್ಲ ಚಾಂಪಿಯನ್ ಮಾಡುತ್ತೇನೆಂದು ಹೊರಡಲಿಲ್ಲ, ಆರಿಸಿದರು. ಆರಿಸಿದ ಮೇಲೆ ಬೆವರು ಹರಿಸಿದರು. ಎರಡೂ ಬೇಕು.

ಆದ್ದರಿಂದ ಕೇಳುಗರೇ, ಎರಡು ಗಾದೆಗಳಲ್ಲಿ ಯಾವುದನ್ನೂ ಬಿಡಬೇಕಾಗಿಲ್ಲ; ಹೇಳುವ ಹೊತ್ತನ್ನು ಮಾತ್ರ ಬದಲಿಸೋಣ. ಮಗು ಮೈದಾನಕ್ಕೆ ಇಳಿಯುವಾಗ ‘ಸಾಧಿಸಿದರೆ ಸಬಳ’ ಎಂದು ಬೆನ್ನು ತಟ್ಟೋಣ. ಪೂರ್ತಿ ಶಕ್ತಿ ಹಾಕಿ ಓಡಿ, ನಾಲ್ಕನೆಯದಾಗಿಯೋ ನಲವತ್ತನೆಯದಾಗಿಯೋ ಬಂದಾಗ, ಕಟ್ಟಿದ ಕಂತಿನ ಲೆಕ್ಕ ಸರಿಯಾಗಿದೆ ಎಂದು ಪಾಸ್‌ಬುಕ್ಕಿಗೆ ಮುದ್ರೆ ಒತ್ತಿಕೊಡೋಣ. ಮರುದಿನ ಅದು ಮತ್ತೆ ಮೈದಾನಕ್ಕೆ ಹೋಗಬೇಕಾದರೆ ಅಷ್ಟು ಸಾಕು.